ಪ್ರಾರ್ಥನೆ ಮಾಡುತ್ತಲೇ ಇದ್ದೇನೆ, ಬದುಕು ಮಾತ್ರ ನಿಂತಲ್ಲೇ ನಿಂತಿದೆ. ಮುಂದೆ ಹೋಗೋದು ಹೇಗೆ?

ಕಾದು ಸಾಕಾದವಳು ಕೇಳಿದ್ದು:

ಎಲ್ಲರಿಗೂ ವಂದನೆ. ಚಿಕ್ಕಂದಿನಿಂದ ಕ್ರೈಸ್ತ ಸಭೆಯಲ್ಲೇ, ಅಂದರೆ ಚರ್ಚ್‌ನಲ್ಲೇ, ಬೆಳೆದವಳು ನಾನು. ನಂಬಿಕೆ ಹೋಗಿದೆ ಅಂತ ಬರೆಯುತ್ತಿಲ್ಲ, ಅದು ಇದೆ. ಆದರೆ ಬದುಕು ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಲೆಕ್ಕಪತ್ರದ ಕೆಲಸ ಮಾಡುತ್ತೇನೆ, ಅದರಲ್ಲಿ ಮನಸ್ಸು ಇಲ್ಲದೆ ಎಷ್ಟೋ ಕಾಲವಾಯಿತು. ವಿಶೇಷ ಅಗತ್ಯವಿರುವ ಮಕ್ಕಳಿಗೆ ಕಲಿಸುವ ತರಬೇತಿ ಸೇರಬೇಕು ಅಂತ ಆಸೆ. ಅರ್ಜಿ ಕೊನೆಯ ಪುಟದವರೆಗೂ ತುಂಬಿಸಿ ಇಟ್ಟಿದ್ದೇನೆ. ಕಳಿಸುವ ಬಟನ್ ಒತ್ತಬೇಕು ಅಷ್ಟೇ. ಅಲ್ಲಿಗೆ ಬಂದಾಗ ಕೈ ನಿಂತುಬಿಡುತ್ತದೆ. ಇದು ದೇವರ ಚಿತ್ತವೋ, ಸುಮ್ನೆ ನನ್ನ ಆಸೆಯೋ?

ಒಂದು ಸೂಚನೆ ಕೊಡು ಸ್ವಾಮಿ ಅಂತ ದಿನಾ ಕೇಳುತ್ತೇನೆ. ಕಣ್ಣು ಮುಚ್ಚಿ ಸತ್ಯವೇದ (ಬೈಬಲ್) ತೆರೆದು ಬೆರಳಿಟ್ಟೂ ನೋಡಿದ್ದಾಯಿತು, ಬಂದದ್ದು ಯಾವುದೋ ವಂಶಾವಳಿ! ಯಾರನ್ನು ಕೇಳಿದರೂ ದೇವರ ಸಮಯಕ್ಕಾಗಿ ಕಾದಿರು ಅಂತಾರೆ. ಪ್ರತಿ ಭಾನುವಾರ ಯಾರಾದರೂ ಎದ್ದು ನಿಂತು ದೇವರು ತಮ್ಮ ಬದುಕಲ್ಲಿ ಮಾಡಿದ್ದರ ಸಾಕ್ಷಿ ಹೇಳುತ್ತಾರೆ, ನಾನು ಚಪ್ಪಾಳೆ ತಟ್ಟಿ ಮನೆಗೆ ಬಂದು ಮತ್ತೆ ಅದೇ ಅರ್ಜಿ ತೆರೆದು ನೋಡಿ ಮುಚ್ಚುತ್ತೇನೆ. ಕಾಯೋದು ಅಂದರೆ ಇದೇನಾ?

ಹಳೇ ಸದಸ್ಯ:

ಅಲ್ಲ ಅನ್ನಿಸುತ್ತೆ ನನಗೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ವಿಮೋಚನಕಾಂಡ 14 ತೆಗೆದು ನೋಡಿ. ಐಗುಪ್ತದ ದಾಸತ್ವ ಬಿಟ್ಟು ಹೊರಟ ಇಸ್ರಾಯೇಲ್ಯರಿಗೆ ಹಿಂದೆ ಅಲ್ಲಿನ ಅರಸ ಫರೋಹನ ರಥಗಳು, ಮುಂದೆ ಸಮುದ್ರ. ಯೆಹೋವನೇ ನಿಮಗೋಸ್ಕರ ಯುದ್ಧ ಮಾಡುತ್ತಾನೆ, ನೀವು ಸುಮ್ಮನಿರಿ ಅಂತ ಮೋಶೆ ಜನರಿಗೆ ಹೇಳುತ್ತಾನೆ. ಅದು 14ನೇ ವಚನ. ಎಲ್ಲರ ಸ್ಟೇಟಸ್‌ನಲ್ಲೂ ಅದೇ ಇರುತ್ತೆ. ಅದರ ಮುಂದಿನ ವಚನವನ್ನು ಯಾರೂ ಹಾಕುವುದಿಲ್ಲ. ನನಗೆ ಯಾಕೆ ಮೊರೆಯಿಡುತ್ತೀಯಾ, ಮುಂದಕ್ಕೆ ಹೊರಡಿ ಅಂತ ಜನರಿಗೆ ಹೇಳು ಅಂತ ದೇವರು ಮೋಶೆಗೆ ಹೇಳುವುದು 15ರಲ್ಲಿ. ಆಗ ಸಮುದ್ರ ಇನ್ನೂ ಇಬ್ಭಾಗ ಆಗಿರಲಿಲ್ಲ! ಗಾಳಿ ಬೀಸಿದ್ದು ಆಮೇಲೆ, ಅದೂ ಇಡೀ ರಾತ್ರಿ ಬೀಸಿತು.

ಯೊರ್ದನ್ ಹೊಳೆಯಲ್ಲೂ ಹಾಗೇ. ಸುಗ್ಗಿಯ ಕಾಲ, ಹೊಳೆ ದಡ ಮೀರಿ ಹರಿಯುತ್ತಿತ್ತು. ಮಂಜೂಷ, ಅಂದರೆ ದೇವರ ಒಡಂಬಡಿಕೆಯ ಪೆಟ್ಟಿಗೆ, ಹೊತ್ತ ಯಾಜಕರ ಕಾಲು ನೀರಿಗೆ ತಾಗಿದ ಮೇಲೇ ನೀರು ನಿಂತಿದ್ದು (ಯೆಹೋಶುವ 3). ಒಣಗಿದ ದಾರಿ ಕಾಣಲಿ, ಆಮೇಲೆ ಕಾಲಿಡುತ್ತೇವೆ ಅಂದಿದ್ದರೆ ಅವರು ದಡದಲ್ಲೇ ಇರುತ್ತಿದ್ದರು.

ಮಕ್ಕಳಿಗೆ ಕಲಿಸುವುದು ಕೆಟ್ಟ ಕೆಲಸ ಅಲ್ವಲ್ಲ? ವಾಕ್ಯಕ್ಕೆ ವಿರುದ್ಧವೂ ಅಲ್ಲ. ಮತ್ತೆ ಯಾವ ಸೂಚನೆಗೆ ಕಾಯುತ್ತಿದ್ದೀರಿ?

ಮೇಘದ ಕೆಳಗೆ:

ಮೇಲಿನವರ ಮಾತು ಅರ್ಧ ಒಪ್ಪುತ್ತೇನೆ. ಪೂರ್ತಿ ಅಲ್ಲ. ಅದೇ ಮೋಶೆಯ ಕಾಲದ್ದೇ, ಅರಣ್ಯಕಾಂಡ 9 ಕೂಡ ಓದಬೇಕು. ದೇವರ ಗುಡಾರದ ಮೇಲೆ ಅವರಿಗೆ ದಾರಿ ತೋರಿಸುವ ಮೇಘ ನಿಂತಿದ್ದರೆ ಜನರೂ ಅಲ್ಲೇ ಇರುತ್ತಿದ್ದರು. ಎರಡು ದಿನವಾಗಲಿ, ತಿಂಗಳಾಗಲಿ, ಇನ್ನೂ ಜಾಸ್ತಿಯಾಗಲಿ. ಅದು ಎದ್ದಾಗ ಹೊರಡುತ್ತಿದ್ದರು. ನಿಲ್ಲುವುದೆಲ್ಲಾ ಅವಿಶ್ವಾಸ ಅಂತ ಹೇಳಿದರೆ ಕಾಯಿಲೆಯಲ್ಲಿ ಇರುವವರು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಏನು ಮಾಡಬೇಕು? ಅವರ ಮೇಲೆ ಇನ್ನೊಂದು ಹೊರೆ ಹೊರಿಸಿದ ಹಾಗಾಗುತ್ತೆ.

ನನಗೆ ಇಷ್ಟವಾದ ಜಾಗ ಯೆರೆಮೀಯ 29. ಅದರ 11ನೇ ವಚನ, ನಿರೀಕ್ಷೆ ಕೊಡುತ್ತೇನೆ ಅನ್ನುವುದು, ಎಲ್ಲರಿಗೂ ಬಾಯಿಪಾಠ. ಅದು ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರ. ಅದರ ಹಿಂದಿನ ವಚನದಲ್ಲೇ 70 ವರ್ಷ ಅಂತ ಇದೆ. ಅಂದರೆ ಪತ್ರ ಕೇಳಿಸಿಕೊಂಡವರಲ್ಲಿ ಬಹಳ ಮಂದಿ ವಾಪಸ್ ಹೋಗುವ ದಿನ ನೋಡುವ ಹಾಗೇ ಇರಲಿಲ್ಲ. ಆದರೂ 5ನೇ ವಚನದಲ್ಲಿ ಅವರಿಗೆ ಹೇಳಿದ್ದೇನು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ. ಅಲ್ಲೇ ಇರಬೇಕಾದವರಿಗೂ ಕೈ ಕಟ್ಟಿ ಕೂರಿ ಅಂತ ದೇವರು ಹೇಳಲಿಲ್ಲ.

ಸಾಕ್ಷಿಗಳ ಬಗ್ಗೆ ಒಂದು ಮಾತು. ಹೇಳುವವರು ನಡುವಿನ ಕಾಲವನ್ನು ಒಂದೇ ಉಸಿರಿಗೆ ಮುಗಿಸಿಬಿಡುತ್ತಾರೆ, ಕೇಳುವವರಿಗೆ ಅದು ಒಂದು ವಾರದ ಕಥೆ ಥರ ಕೇಳಿಸುತ್ತೆ. ಸತ್ಯವೇದದಲ್ಲೂ ಹಾಗೇ ಅಲ್ವಾ? ಫರೋಹನ ಪಾನದಾಯಕರ ಮುಖ್ಯಸ್ಥ, ಸೆರೆಮನೆಯಲ್ಲಿ ತನ್ನ ಕನಸಿನ ಅರ್ಥ ಹೇಳಿದ ಯೋಸೇಫನನ್ನು ಬಿಡುಗಡೆಯಾದ ಮೇಲೆ ಮರೆತ. ಮುಂದಿನ ಅಧ್ಯಾಯ ಶುರುವಾಗುವುದೇ ಎರಡು ವರ್ಷ ಆದ ಮೇಲೆ. ಆ ಎರಡು ವರ್ಷ ಸೆರೆಮನೆಯಲ್ಲಿ ಅವನಿಗೆ ಹೇಗೆ ಕಳೆಯಿತೋ, ಒಂದು ಸಾಲೂ ಇಲ್ಲ. 17ನೇ ವಯಸ್ಸಿನ ಹುಡುಗನಾಗಿ ಕಥೆಗೆ ಬಂದವನು ಫರೋಹನ ಮುಂದೆ ನಿಂತಾಗ ಅವನಿಗೆ 30.

ರಾತ್ರಿ ಪಾಳಿ:

ತಂಗಿ, ನನಗೆ ಚಿತ್ತದ ಪ್ರಶ್ನೆಗಿಂತ ನಿಮ್ಮ ದಣಿವು ಜಾಸ್ತಿ ಕಾಣಿಸುತ್ತಿದೆ. ನಿದ್ದೆ ಸರಿಯಾಗಿ ಬರುತ್ತಾ? ಊಟ?

ಪ್ರವಾದಿ ಎಲೀಯ ಜಾಲಿ ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂದ (1 ಅರಸುಗಳು 19). ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ. ಮಲಗಲು ಬಿಟ್ಟರು. ದೂತ ಬಂದು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ತಿನ್ನಿಸಿ, ನಿನ್ನ ಶಕ್ತಿಗೆ ಮೀರಿದ ಪ್ರಯಾಣ ಇದೆ ಅಂದ. ಇಲ್ಲಿ ಏನು ಮಾಡುತ್ತಿದ್ದೀಯಾ ಅನ್ನುವ ಪ್ರಶ್ನೆ ಬಂದದ್ದು ಅದೆಲ್ಲಾ ಆಗಿ, 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ.

ವಾರಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ಬೆಳಿಗ್ಗೆ ಏಳುವುದೇ ಕಷ್ಟ ಅನ್ನುವ ಹಾಗಿದ್ದರೆ ವೈದ್ಯರನ್ನು ನೋಡಿ. ಅದು ನಂಬಿಕೆ ಕಮ್ಮಿಯಾದ ಲಕ್ಷಣ ಅಲ್ಲ. ಪ್ರಾರ್ಥನೆಗೆ ಮಾತು ಹೊರಡದಿದ್ದರೆ 13ನೇ ಕೀರ್ತನೆ ಓದಿ, ಎಷ್ಟು ಕಾಲ ಅಂತ ಕೇಳುತ್ತಲೇ ಶುರುವಾಗುತ್ತೆ. 88 ಇನ್ನೂ ಒಂದು ಹೆಜ್ಜೆ ಮುಂದೆ, ಅದು ಕತ್ತಲೆಯಲ್ಲೇ ಮುಗಿಯುತ್ತೆ. ಅದನ್ನೂ ದೇವರು ಪುಸ್ತಕದಲ್ಲಿ ಇಟ್ಟುಕೊಂಡಿದ್ದಾರೆ.

ಕಾದು ಸಾಕಾದವಳು:

ಎಲ್ಲರಿಗೂ ಥ್ಯಾಂಕ್ಸ್. ನಿದ್ದೆ, ಊಟ ಪರವಾಗಿಲ್ಲ ಅಕ್ಕಾ. ದಣಿವು ಇರುವುದು ನಿಜ, ಆದರೆ ಮಕ್ಕಳ ಜೊತೆ ಇದ್ದಾಗ ಅದು ಇರುವುದಿಲ್ಲ. ಭಾನುವಾರ ಶಾಲೆಯಲ್ಲಿ ಒಬ್ಬ ಹುಡುಗ ಇದ್ದಾನೆ, ಮಾತಾಡುವುದಿಲ್ಲ, ಬಣ್ಣದ ಪೆನ್ಸಿಲ್‌ಗಳನ್ನು ಉದ್ದಕ್ಕೆ ಸಾಲಾಗಿ ಜೋಡಿಸುತ್ತಾನೆ. ಮೊನ್ನೆ ಒಂದು ಪೆನ್ಸಿಲ್ ನನ್ನ ಕೈಗೆ ಕೊಟ್ಟು ಸಾಲಿನ ಕೊನೆ ತೋರಿಸಿದ.

ಒಂದು ಪ್ರಶ್ನೆ ಉಳಿದಿದೆ. ಶತ್ರುಗಳ ಮೇಲೆ ಯುದ್ಧಕ್ಕೆ ಹೋಗಬೇಕಾಗಿದ್ದ ಗಿದ್ಯೋನ ರಾತ್ರಿ ನೆಲದ ಮೇಲೆ ಉಣ್ಣೆ ಇಟ್ಟು ಸೂಚನೆ ಕೇಳಿದನಲ್ಲ? ದೇವರು ಕೊಟ್ಟರಲ್ಲ? ನಾನು ಕೇಳಿದರೆ ಮಾತ್ರ ತಪ್ಪಾ?

ಹಳೇ ಸದಸ್ಯ:

ತಪ್ಪಲ್ಲ. ಆದರೆ ನ್ಯಾಯಸ್ಥಾಪಕರು 6 ಮೊದಲಿಂದ ಓದಿ. ಉಣ್ಣೆಯ ಮಾತು ಬರುವುದು 36ರ ನಂತರ. ನಿನಗಿರುವ ಬಲದಿಂದಲೇ ಹೋಗು ಅಂತ ದೇವರು ಅವನಿಗೆ 14ನೇ ವಚನದಲ್ಲೇ ಹೇಳಿಯಾಗಿತ್ತು. ಗೊತ್ತಿಲ್ಲದೆ ಕೇಳಿದ್ದಲ್ಲ ಅವನು, ಹೆದರಿಕೆಗೆ ಕೇಳಿದ್ದು. ಮೊದಲ ರಾತ್ರಿ ಅವನು ಕೇಳಿದ ಹಾಗೇ ಮಂಜಿಗೆ ಉಣ್ಣೆ ಒದ್ದೆ, ನೆಲ ಒಣ. ಅಷ್ಟಕ್ಕೂ ಸಮಾಧಾನ ಆಗದೆ ಎರಡನೇ ರಾತ್ರಿ ಉಲ್ಟಾ ಮಾಡಿ ತೋರಿಸು ಅಂದ. ದೇವರು ಅವನ ಮೇಲೆ ಸಿಟ್ಟಾಗಲಿಲ್ಲ, ಅದು ದೇವರ ದೊಡ್ಡತನ. ನಾವು ಅದನ್ನೇ ನಿಯಮ ಮಾಡಿಕೊಳ್ಳಬೇಕಾಗಿಲ್ಲ.

ದಾರಿ ತಪ್ಪಾದರೆ ಅಂತ ಭಯವಿದ್ದರೆ ಅಪೊಸ್ತಲರ ಕೃತ್ಯಗಳು 16 ನೋಡಿ. ಅಪೊಸ್ತಲ ಪೌಲ ಸುವಾರ್ತೆ ಸಾರಲು ಆಸ್ಯ ಸೀಮೆ ಕಡೆ ಹೊರಟ, ಆತ್ಮನು ತಡೆದ. ಬಿಥೂನ್ಯಕ್ಕೆ ಹೋಗಲು ನೋಡಿದ, ಅಲ್ಲೂ ಬಾಗಿಲು ಮುಚ್ಚಿತು. ಮಕೆದೋನ್ಯಕ್ಕೆ ಬಾ ಅನ್ನುವ ದರ್ಶನ ಸಿಕ್ಕಿದ್ದು ಆಮೇಲೆ, ತ್ರೋವದಲ್ಲಿ. ಹೊರಟವನನ್ನು ತಿರುಗಿಸುವುದು ದೇವರಿಗೆ ಕಷ್ಟವಲ್ಲ.

ಮೇಘದ ಕೆಳಗೆ:

ಈ ಸಲ ಪೂರ್ತಿ ಒಪ್ಪಿದೆ. ಆ ಹುಡುಗನ ವಿಷಯ ಮೊದಲೇ ಬರೆದಿದ್ದರೆ ನಾನು ಅಷ್ಟು ಉದ್ದ ಬರೆಯುತ್ತಲೇ ಇರಲಿಲ್ಲ. ಆದರೆ ಕೆಲಸ ಬಿಡುವ ಮುಂಚೆ ಲೆಕ್ಕ ಹಾಕಿ, ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಮಾಡುತ್ತಾನೆ ಅಂತ ಯೇಸುವೇ ಹೇಳಿದ್ದಾರಲ್ಲ (ಲೂಕ 14). ಸಂಜೆ ತರಗತಿ ಇದೆಯಾ?

ಕಾದು ಸಾಕಾದವಳು:

ಲೆಕ್ಕ ಹಾಕುವುದು ನನ್ನ ಕಸುಬೇ, ಅದಕ್ಕೆ ಚಿಂತೆ ಇಲ್ಲ! ಸಂಜೆ ತರಗತಿ ಇದೆ, ಸದ್ಯಕ್ಕೆ ಕೆಲಸ ಬಿಡಬೇಕಾಗಿಲ್ಲ. ಅರ್ಜಿ ಈಗ ತಾನೇ ಕಳಿಸಿದೆ. ಫೋಟೋ ಅಳತೆ ಸರಿಯಿಲ್ಲ ಅಂತ ವಾಪಸ್ ಬಂದಿದೆ, ನಾಳೆ ಬೇರೆ ತೆಗೆಸಿ ಹಾಕುತ್ತೇನೆ.