ಖರೇ ಹೆಸರಿನ್ಯಾಗ ಬಾಡಿಗಿ ಇದ್ದವ್ರನ್ನ ಯಾರೂ ಯಾಕ ಹಿಡೀಲಿಲ್ಲ?

ಉಣಕಲ್ ದಂಡಿ:
9/11 ದಿನ ಪೆಂಟಗನ್‌ಗೆ ಬಡದ 77ನೇ ನಂಬರಿನ ವಿಮಾನ ಅಪಹರಿಸಿದವ್ರೊಳಗ ಒಬ್ಬ ನವಾಫ್ ಅಲ್ ಹಜ್ಮಿ, ಸ್ಯಾನ್ ಡಿಯಾಗೋದ ಫೋನ್ ಡೈರೆಕ್ಟರಿಯೊಳಗ ತನ್ನ ಹೆಸರ ಹಾಕಿಸಿದ್ನಂತ. ಖರೇ ಏನ್ರಿ? ಹಂಗಿದ್ರ ಒಂದೂವರಿ ವರ್ಷ ಯಾರ ಕೈಗೂ ಹೆಂಗ ಸಿಗಲಿಲ್ಲ? ಇನ್ನೊಂದು, ಹುಬ್ಬಳ್ಳಿ ನವನಗರದಾಗ ಮ್ಯಾಲಿನ ಮನಿ ಬಾಡಿಗಿ ಕೊಡೋದೈತಿ. ಆಧಾರ್ ಝೆರಾಕ್ಸ್ ಇಸ್ಕೊಂಡ್ರ ಸಾಕೇನು?

ಲೈನ್ ಬಜಾರ್ ಪೇಢಾ:
ಖರೇನ ರಿ. ಅಂವ ಅಡಗಿ ಕುಂತಿರಲೇ ಇಲ್ಲ. ಹಜ್ಮಿ ಮತ್ತ ಅದ ವಿಮಾನ ಅಪಹರಿಸಿದ ಇನ್ನೊಬ್ಬ ಖಾಲಿದ್ ಅಲ್ ಮಿಹ್ದಾರ್ 2000ದ ಜನವರಿ 15ಕ್ಕ ಲಾಸ್ ಏಂಜಲೀಸ್‌ನ್ಯಾಗ ಇಳದ್ರು, ತಮ್ಮ ಹೆಸರಿನ ಸೌದಿ ಪಾಸ್‌ಪೋರ್ಟ್ ಮ್ಯಾಲೇನ. ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲಾ ಅದ ಹೆಸರಿಗೆ. ಮುಂದ ಕೋಣಿ ಹಿಡದ ಮನಿ ಮಾಲಕನಂತೂ ಎಫ್‌ಬಿಐಗೆ ಸುದ್ದಿ ಮುಟ್ಟಸೋ ಮನಷ್ಯಾ! ಬಾಡಿಗಿದಾರರ ಸುದ್ದಿನೂ ಹೇಳಿದ್ದ, ಆದ್ರ ಬರೇ ಮೊದಲ ಹೆಸರು. ಕೇಳಿದ ಅಧಿಕಾರಿಗೆ ಅದ್ರಾಗ ಏನೂ ಹೊಳೀಲಿಲ್ಲ.

ಗೊತ್ತಿದ್ದದ್ದು ಸಿಐಎಗೆ. ಅದ ಜನವರಿ ಕೌಲಾಲಂಪುರದಾಗ ಇವ್ರು ಕೂಡಿದ್ದನ್ನ ನೋಡಿತ್ತು, ಮಿಹ್ದಾರ್ ಕಡೆ ಅಮೆರಿಕಾ ವೀಸಾ ಐತಿ ಅಂತ ತಿಳದಿತ್ತು, ಹಜ್ಮಿ ಲಾಸ್ ಏಂಜಲೀಸ್‌ಗೆ ಹಾರಿದ್ದು ಮಾರ್ಚ್‌ನ್ಯಾಗ ಅದರ ಕಿವಿಗೆ ಬಿದ್ದಿತ್ತು. ನಿಗಾ ಪಟ್ಟಿಗೆ ಹೆಸರು ಏರಿದ್ದು ಮಾತ್ರ 2001ರ ಆಗಸ್ಟ್ ಕೊನೀಗೆ.

ಗದಗ ಜಂಕ್ಷನ್:
ಇದಕ್ಕೆ ಸೇರಿಸೋದು: 2001ರ ಏಪ್ರಿಲ್ 1ರಂದು ಒಕ್ಲಹೋಮಾದಲ್ಲಿ ಅತಿವೇಗಕ್ಕೆ ಪೊಲೀಸರು ಹಜ್ಮಿಯ ಕಾರು ನಿಲ್ಲಿಸಿದ್ದರು. ಲೈಸೆನ್ಸ್ ನಂಬರ್ ಹಾಕಿ ನೋಡಿದರು, ಏನೂ ಬರಲಿಲ್ಲ. ದಂಡದ ಚೀಟಿ ಹರಿದು ಕೊಟ್ಟು ಬಿಟ್ಟರು. ಆ ಪೇದೆಯ ತಪ್ಪೇನಿಲ್ಲ ಬಿಡಿ. ಪಟ್ಟಿಯಲ್ಲೇ ಇಲ್ಲದ ಹೆಸರು ಕಂಪ್ಯೂಟರಿಗೆ ಎಲ್ಲಿಂದ ಬರಬೇಕು?

ಸೆಪ್ಟೆಂಬರ್ 11ರ ಬೆಳಿಗ್ಗೆ ವಾಷಿಂಗ್ಟನ್ ಹತ್ತಿರದ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಈ ವಿಮಾನದ ಐದೂ ಅಪಹರಣಕಾರರನ್ನು ಹೆಚ್ಚಿನ ತಪಾಸಣೆಗೆ ಗುರುತು ಮಾಡಿದ್ದರು. ಆಗಿನ ನಿಯಮದಲ್ಲಿ ಅದರ ಅರ್ಥ ಇಷ್ಟೇ: ಅವರು ವಿಮಾನ ಹತ್ತುವ ತನಕ ಅವರ ಲಗೇಜು ಹತ್ತಿಸಬಾರದು. ಹಜ್ಮಿ ದಾಟುವಾಗ ಎರಡೂ ಲೋಹಶೋಧಕ ಕೂಗಿದವು, ಕೈಯಂತ್ರ ಆಡಿಸಿ ಒಳಗೆ ಬಿಟ್ಟರು. ವಿಮಾನ ಹತ್ತಿಸಬಾರದವರ ಪಟ್ಟಿಯಲ್ಲಿ ಆಗ ಇದ್ದದ್ದು 12 ಹೆಸರು. ಹನ್ನೆರಡೇ!

ಉಣಕಲ್ ದಂಡಿ:
ಯಪ್ಪಾ! ಹಂಗಾರ ನನ್ನ ಆಧಾರ್ ಝೆರಾಕ್ಸ್ ಕಥಿ?

ಲೈನ್ ಬಜಾರ್ ಪೇಢಾ:
ಝೆರಾಕ್ಸ್ ಮ್ಯಾಲೆ ಫೋಟೋ, ಹೆಸರು ಯಾರ ಬೇಕಾದ್ರೂ ತಿದ್ತಾರ. ಕೊನೀ 4 ಅಂಕಿ ಅಷ್ಟ ಕಾಣೋ ಮಾಸ್ಕ್ಡ್ ಆಧಾರ್ ಕೇಳ್ರಿ. ಆಧಾರ್ ಆ್ಯಪ್‌ನ್ಯಾಗ ಕ್ಯೂಆರ್ ಸ್ಕ್ಯಾನ್ ಮಾಡಿ, ಬಂದ ಹೆಸರು, ಫೋಟೋ ಎದುರಿಗೆ ಕುಂತವ್ರ ಮಾರಿಗೆ ತಾಳಿ ನೋಡ್ರಿ. ಕರಾರುಪತ್ರ 11 ತಿಂಗಳಿಗೆ, ಸ್ಟ್ಯಾಂಪ್ ಪೇಪರ್ ಮ್ಯಾಲೆ. ಬಾಡಿಗಿ ರೊಕ್ಕ ಕೈಯಾಗ ಬ್ಯಾಡ, ಕರಾರಿನ್ಯಾಗಿದ್ದವ್ರ ಖಾತೆಯಿಂದ ಬರ್ಲಿ. ಹಳೇ ಮಾಲಕರಿಗೆ ಒಂದ್ ಫೋನ್ ಹಚ್ರಿ, ಇದನ್ನ ಯಾರೂ ಮಾಡಂಗಿಲ್ಲ.

ಎಡವೋದು ಇಲ್ಲೆ: ಇಬ್ರು ಅಂತ ಬರಕೊಟ್ಟಿರ್ತಾರ, ಎರಡ ತಿಂಗಳಿಗೆ ಮೂರನೇಯಂವ ಬಂದ ಸೇರ್ಕೋತಾನ, ಅವ್ನ ಕಾಗದ ಯಾರ ಕಡೆನೂ ಇರಂಗಿಲ್ಲ. ಉಳಿಯೋರ ಹೆಸರೆಲ್ಲಾ ಕರಾರಿನ್ಯಾಗ ಬರಸ್ರಿ.

ಗದಗ ಜಂಕ್ಷನ್:
ಹೆಸರು, ಜಾತಿ ನೋಡಿ ಸಂಶಯಪಡಬೇಡಿ, ಅದರಿಂದ ಏನೂ ಹೊರಗೆ ಬರೋದಿಲ್ಲ. ವಿದೇಶಿ ವಿದ್ಯಾರ್ಥಿಗೆ ಕೊಟ್ಟರೆ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ತುಂಬಬೇಕು. ಅದು ಮಾಲೀಕರ ಜವಾಬ್ದಾರಿ, ಹುಡುಗನದ್ದಲ್ಲ. ಉಳಿದವರ ವಿವರ ನಿಮ್ಮ ಠಾಣೆಗೆ ಪೂರ್ತಿ ಹೆಸರಿನಲ್ಲಿ ಬರೆದುಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.