ಶಾಲಾ ಮಂಡಳಿಯ ಸ್ಥಾನ ಅವಧಿಗೆ ಮುನ್ನ ತೆರವಾದರೆ ಚುನಾವಣೆ ಯಾವಾಗ ನಡೆಯುತ್ತದೆ?

ಪ್ರಶ್ನೆ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಶಾಲಾ ಜಿಲ್ಲೆಯ ಮಂಡಳಿಯ ಸದಸ್ಯರೊಬ್ಬರು ನಾಲ್ಕು ವರ್ಷಗಳ ಅವಧಿಯಲ್ಲಿ ಮೊದಲ ವರ್ಷವನ್ನೂ ಪೂರೈಸದೆ ರಾಜೀನಾಮೆ ನೀಡಿದ್ದಾರೆ. ಉಳಿದ ಸದಸ್ಯರು ಉಪಚುನಾವಣೆಯ ಮಾತೆತ್ತದೆ, ಆಸಕ್ತರಿಂದ ಅರ್ಜಿ ಕರೆದು ತಾವೇ ಒಬ್ಬರನ್ನು ನೇಮಿಸುವುದಾಗಿ ಪ್ರಕಟಿಸಿದ್ದಾರೆ. ಮತದಾರರು ತುಂಬಬೇಕಾದ ಸ್ಥಾನವನ್ನು ಮಂಡಳಿಯೇ ತುಂಬಿಕೊಳ್ಳುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆಯೇ? ಹಾಗೆ ಬಂದವರು ಉಳಿದ ಮೂರು ವರ್ಷವೂ ಮುಂದುವರಿಯುತ್ತಾರೆಯೇ? ಬೇರೆ ರಾಜ್ಯಗಳ ಪದ್ಧತಿಯನ್ನು ಬಲ್ಲವರೂ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ಅವಕಾಶವಿದೆ. ಕ್ಯಾಲಿಫೋರ್ನಿಯಾ ಶಿಕ್ಷಣ ಸಂಹಿತೆಯ 5091ನೇ ಸೆಕ್ಷನ್ ಪ್ರಕಾರ, ಸ್ಥಾನ ತೆರವಾದ 60 ದಿನಗಳೊಳಗೆ ಮಂಡಳಿಯು ಚುನಾವಣೆಗೆ ಆದೇಶಿಸಬೇಕು ಅಥವಾ ತಾತ್ಕಾಲಿಕ ನೇಮಕ ಮಾಡಬೇಕು. ಎರಡನ್ನೂ ಮಾಡದೆ ಕಾಲ ಕಳೆದರೆ ಕೌಂಟಿಯ ಶಾಲಾ ಸೂಪರಿಂಟೆಂಡೆಂಟ್ ತಾವೇ ಚುನಾವಣೆಗೆ ಆದೇಶಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸದಸ್ಯರು ಮುಂದಿನ ಒಂದು ದಿನಾಂಕದಿಂದ ಜಾರಿಗೆ ಬರುವಂತೆ ರಾಜೀನಾಮೆ ಕೊಟ್ಟಿದ್ದರೆ, ಈ 60 ದಿನಗಳ ಎಣಿಕೆಯು ಅವರು ಕುರ್ಚಿ ಬಿಟ್ಟ ದಿನದಿಂದಲ್ಲ, ಪತ್ರ ಸಲ್ಲಿಕೆಯಾದ ದಿನದಿಂದಲೇ ಆರಂಭವಾಗುತ್ತದೆ. ಕೌಂಟಿ ಕಚೇರಿಗೆ ಒಮ್ಮೆ ಸಲ್ಲಿಸಿದ ರಾಜೀನಾಮೆಯನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ.

ಆದರೆ ನೇಮಕಗೊಂಡವರು ಮೂರು ವರ್ಷ ಕುಳಿತಿರುವುದಿಲ್ಲ. ಮಂಡಳಿಯ ಮುಂದಿನ ನಿಯತ ಚುನಾವಣೆಯವರೆಗೆ ಮಾತ್ರ ಅವರ ಅಧಿಕಾರ. ಹೆಚ್ಚಿನ ಜಿಲ್ಲೆಗಳಲ್ಲಿ ಅದು ಸಮಸಂಖ್ಯೆಯ ವರ್ಷದ ನವೆಂಬರ್ ತಿಂಗಳಲ್ಲಿ ಬರುತ್ತದೆ. ಮಂಡಳಿಯ ಎಲ್ಲ ಸ್ಥಾನಗಳೂ ಒಟ್ಟಿಗೆ ಚುನಾವಣೆಗೆ ಬರುವುದಿಲ್ಲವಾದ್ದರಿಂದ, ತಮ್ಮಲ್ಲಿ ತೆರವಾದ ಸ್ಥಾನದ ಪಾಳಿ ಅದಲ್ಲದಿದ್ದರೂ ಆ ನವೆಂಬರಿನಲ್ಲಿ ಉಳಿದ ಎರಡು ವರ್ಷಗಳಿಗಷ್ಟೇ ಅದಕ್ಕೆ ಮತದಾನ ನಡೆಯುತ್ತದೆ. ಅವಧಿ ಮುಗಿಯಲು ನಾಲ್ಕು ತಿಂಗಳೊಳಗೆ ಮಾತ್ರ ಉಳಿದಿರುವಾಗ ಸ್ಥಾನ ತೆರವಾದರೆ ನೇಮಕವೂ ಇಲ್ಲ, ವಿಶೇಷ ಚುನಾವಣೆಯೂ ಇಲ್ಲ.

ಎರಡನೆಯ ಉತ್ತರ

ನಾನು ಇಲಿನಾಯ್‌ನಲ್ಲಿದ್ದೇನೆ. ಇಲ್ಲಿಯೂ ಮೊದಲು ನೇಮಿಸುವವರು ಉಳಿದ ಸದಸ್ಯರೇ. ಆದರೆ ಅವಧಿಯಲ್ಲಿ 868 ದಿನಗಳಿಗಿಂತ ಕಡಿಮೆ ಉಳಿದಿದ್ದರೆ, ಅಥವಾ ಮುಂದಿನ ನಿಯತ ಶಾಲಾ ಚುನಾವಣೆಗೆ 88 ದಿನಗಳಿಗಿಂತ ಕಡಿಮೆ ಇರುವಾಗ ಸ್ಥಾನ ತೆರವಾದರೆ, ನೇಮಕಗೊಂಡವರೇ ಕೊನೆಯವರೆಗೂ ಮುಂದುವರಿಯುತ್ತಾರೆ. 868 ಎಂಬ ಈ ವಿಚಿತ್ರ ಸಂಖ್ಯೆ ಎರಡು ವರ್ಷ ನಾಲ್ಕೂವರೆ ತಿಂಗಳಷ್ಟಾಗುತ್ತದೆ. ಅಂದರೆ ಅವಧಿಯ ಅರ್ಧಕ್ಕೆ ಮೊದಲೇ ರಾಜೀನಾಮೆ ಬಂದರೂ ಮತದಾರರಿಗೆ ಅವಕಾಶ ಸಿಗದೇ ಹೋಗಬಹುದು. ಇದು ನನಗೆ ಸರಿಯೆನಿಸಿಲ್ಲ.

ಪೆನ್ಸಿಲ್ವೇನಿಯಾದಲ್ಲಿ, ನೇಮಕವಾಗಿ 60 ದಿನಗಳಿಗಿಂತ ಹೆಚ್ಚು ಕಳೆದ ಮೇಲೆ ಬರುವ ಮೊದಲ ಸ್ಥಳೀಯ ಚುನಾವಣೆಯ ನಂತರದ ಡಿಸೆಂಬರಿನ ಮೊದಲ ಸೋಮವಾರದವರೆಗೆ ನೇಮಕ ನಿಲ್ಲುತ್ತದೆ. ಟೆಕ್ಸಾಸ್‌ನಲ್ಲಿ ನೇಮಕಕ್ಕೂ ವಿಶೇಷ ಚುನಾವಣೆಗೂ ಅವಕಾಶವಿದ್ದು, ಅವಧಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ 180 ದಿನಗಳೊಳಗೆ ಸ್ಥಾನ ತುಂಬಲೇಬೇಕು. ಫ್ಲೋರಿಡಾದಲ್ಲಂತೂ ನೇಮಿಸುವವರು ರಾಜ್ಯಪಾಲರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮಂಡಳಿಯ ನೇಮಕ ನಮಗೆ ಒಪ್ಪಿಗೆಯಾಗದಿದ್ದರೆ ನವೆಂಬರಿನವರೆಗೆ ಕಾಯುವುದೊಂದೇ ದಾರಿಯೇ? ನಾನು ಇನ್ನೂ ಈ ದೇಶದ ಪೌರತ್ವ ಪಡೆದಿಲ್ಲ ಎಂಬುದನ್ನೂ ತಿಳಿಸಬೇಕು.

ಮೊದಲು ಉತ್ತರಿಸಿದವರು

ಇನ್ನೊಂದು ದಾರಿ ಇದೆ. ನೇಮಕವಾದ 30 ದಿನಗಳೊಳಗೆ, ಕಾನೂನು ಹೇಳುವಷ್ಟು ಸಂಖ್ಯೆಯ ನೋಂದಾಯಿತ ಮತದಾರರು ಸಹಿ ಮಾಡಿದ ಮನವಿಯನ್ನು ಕೌಂಟಿ ಸೂಪರಿಂಟೆಂಡೆಂಟ್ ಅವರಿಗೆ ಸಲ್ಲಿಸಬೇಕು. ಸಹಿಗಳು ಸರಿಯಾಗಿವೆ ಎಂದು ತೀರ್ಮಾನವಾದರೆ ನೇಮಕ ರದ್ದಾಗುತ್ತದೆ, ಸಾಮಾನ್ಯವಾಗಿ ಆ ತೀರ್ಮಾನದಿಂದ 130 ದಿನಗಳೊಳಗೆ ವಿಶೇಷ ಚುನಾವಣೆ ನಡೆಯುತ್ತದೆ. ಚುನಾವಣೆಗೆ ತಗಲುವ ಅಂದಾಜು ವೆಚ್ಚವನ್ನು ಆ ಮನವಿಯಲ್ಲೇ ನಮೂದಿಸಬೇಕು, ಏಕೆಂದರೆ ಅದನ್ನು ಭರಿಸಬೇಕಾದುದು ಶಾಲಾ ಜಿಲ್ಲೆಯೇ. ಮತದಾರರಲ್ಲದ ತಮ್ಮ ಸಹಿ ಎಣಿಕೆಗೆ ಬರುವುದಿಲ್ಲ. ಆದರೆ ನೇಮಕದ ಚರ್ಚೆ ಸಾರ್ವಜನಿಕ ಸಭೆಯಲ್ಲೇ ನಡೆಯಬೇಕಾದ್ದರಿಂದ ಅಲ್ಲಿ ಮಾತನಾಡಲು ಪೌರತ್ವ ಬೇಕಿಲ್ಲ. (ಸ್ಯಾನ್ ಫ್ರಾನ್ಸಿಸ್ಕೋ ನಗರವು ಪೌರರಲ್ಲದ ಪೋಷಕರಿಗೂ ಶಾಲಾ ಮಂಡಳಿಯ ಚುನಾವಣೆಯಲ್ಲಿ ಮತ ನೀಡುವ ಹಕ್ಕನ್ನು 2016ರಲ್ಲಿ ಅಂಗೀಕರಿಸಿತು, ಅದು ಅಲ್ಲಿಗೆ ಸೀಮಿತ.)

ಮೂರನೆಯ ಉತ್ತರ

ವಿಶೇಷ ಚುನಾವಣೆಯನ್ನು ಒತ್ತಾಯಿಸುವ ಮುನ್ನ ಲಾಸ್ ಏಂಜಲೀಸ್‌ನ ಉದಾಹರಣೆಯನ್ನು ಗಮನಿಸಬೇಕು. ಅಲ್ಲಿಯ ಏಳು ಸದಸ್ಯರ ಮಂಡಳಿಯಲ್ಲಿ ಐದನೇ ಕ್ಷೇತ್ರದ ಸ್ಥಾನ 2018ರ ಜುಲೈನಲ್ಲಿ ತೆರವಾಯಿತು. ಮೊದಲ ಸುತ್ತಿನ ಮತದಾನ ನಡೆದದ್ದು 2019ರ ಮಾರ್ಚ್ 5ರಂದು. ಯಾರಿಗೂ ಬಹುಮತ ಬಾರದೆ ಮೇ 14ರಂದು ಎರಡನೇ ಸುತ್ತು ನಡೆದು ಜಾಕಿ ಗೋಲ್ಡ್‌ಬರ್ಗ್ ಆಯ್ಕೆಯಾದರು. ಆ ಮಂಡಳಿ ನಗರದ ಚಾರ್ಟರಿಗೆ (ನಗರಾಡಳಿತದ ಮೂಲ ನಿಯಮಾವಳಿಗೆ) ಒಳಪಟ್ಟಿರುವುದರಿಂದ ಮೇಲೆ ಹೇಳಿದ ಗಡುವುಗಳು ಅದಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ, ನಿಜ. ಆದರೂ ಸುಮಾರು ಹತ್ತು ತಿಂಗಳು, ಅದರ ನಡುವೆ ಜನವರಿಯಲ್ಲಿ ಶಿಕ್ಷಕರ ದೊಡ್ಡ ಮುಷ್ಕರ ನಡೆದಾಗಲೂ, ಆ ಕ್ಷೇತ್ರದ ಪೋಷಕರಿಗೆ ಮಂಡಳಿಯಲ್ಲಿ ಪ್ರತಿನಿಧಿಯೇ ಇರಲಿಲ್ಲ. ನಿಯತ ಚುನಾವಣೆಗೆ ಒಂದು ವರ್ಷದೊಳಗೆ ಇದ್ದರೆ ನೇಮಕವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಮೊದಲು ಉತ್ತರಿಸಿದವರು

ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ನೇಮಕಗೊಂಡವರು ನವೆಂಬರಿನಲ್ಲಿ ಹಾಲಿ ಸದಸ್ಯರೆಂಬ ಹೆಸರಿನಿಂದ ಸ್ಪರ್ಧಿಸಿದಾಗ ಅವರಿಗೆ ದೊರೆಯುವ ಅನುಕೂಲ ಸಣ್ಣದಲ್ಲ. ಆದ್ದರಿಂದ ಅಭ್ಯರ್ಥಿಗಳ ಸಂದರ್ಶನ ನಡೆಯುವ ಸಭೆಗೆ ತಾವು ಹೋಗಿ, ಮುಂದಿನ ಚುನಾವಣೆಗೆ ನಿಲ್ಲುವ ಉದ್ದೇಶವಿದೆಯೇ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರಿಗೂ ಕೇಳುವಂತೆ ಮಂಡಳಿಯನ್ನು ಒತ್ತಾಯಿಸಿ. ಹಾಗೆಯೇ ನೇಮಕದ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ಮನವಿಯ 30 ದಿನಗಳು ಅಂದಿನಿಂದಲೇ ಎಣಿಕೆಯಾಗುತ್ತವೆ.