ಪದ ಬೇಕು: ಶೀಟಿನ ‘ಫಾರ್ಮಿಂಗ್ ಲಿಮಿಟ್’ಗೆ ಏನನ್ನೋಣ?

ಗೆಳೆಯರೇ,
ತಗಡು ಒತ್ತುವ ಪ್ರೆಸ್ ಕೆಲಸ ಕಲಿಯುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟ ಮುದ್ರಣಕ್ಕೆ ಹೋಗಬೇಕು. ಉಕ್ಕಿನ ತಗಡನ್ನು ಆಕಾರ ಕೊಡುವ ಡೈ ಮೇಲಿಟ್ಟು ಪಂಚಿನಿಂದ ಒತ್ತಿದಾಗ ಅದು ಎಲ್ಲಿಯವರೆಗೆ ತಾಳುತ್ತದೆ ಅನ್ನುವುದಕ್ಕೆ ‘ಫಾರ್ಮಿಂಗ್ ಲಿಮಿಟ್’ ಅಂತಾರಲ್ಲ, ಅದಕ್ಕೆ ಪದ ಬೇಕು. ಸದ್ಯಕ್ಕೆ ‘ಹರಿಯುವ ಮಿತಿ’ ಅಂತ ಹಾಕಿದ್ದೇನೆ. ಆದರೆ ಹರಿಯುವ ಮೊದಲೇ ಒಂದು ಕಡೆ ಗೀರು ಎಳೆದ ಹಾಗೆ ತಗಡು ತೆಳುವಾಗುತ್ತದೆ. ಮಿತಿ ಅಂತ ಲೆಕ್ಕ ಹಿಡಿಯುವುದು ಅಲ್ಲಿಗೇ. ಪದ ಚಿಕ್ಕದಿರಲಿ, ನಕ್ಷೆಯ ಮೇಲೆ ಕೂರಬೇಕು.

> ಹರಿಯುವ ಮಿತಿ
ನೀರು ಹರಿಯುವುದಾ, ಬಟ್ಟೆ ಹರಿಯುವುದಾ? ಪ್ರೆಸ್ಸಿನಲ್ಲಿ ಲೋಹ ಎರಡೂ ಥರ ಹರಿಯುತ್ತದೆ. ಬೇಡ. ‘ರೂಪಣಶೀಲತಾ ಪರಿಮಿತಿ’ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಅದೂ ಬೇಡ. ‘ಮಣಿತದ ಎಲ್ಲೆ’ ಅನ್ನಿ. ಮಣಿ ಅಚ್ಚಗನ್ನಡದ ಧಾತು. ಉಕ್ಕು, ತಗಡು ಎರಡೂ ನಮ್ಮ ಕಡೆಯವೇ. ಒಂದು ಬಗೆಯ ಉಕ್ಕಿಗೆ ಇಂಗ್ಲಿಷಿನಲ್ಲಿರುವ ‘ವೂಟ್ಜ್’ ಅನ್ನುವ ಹೆಸರು ಬಂದದ್ದೇ ಉಕ್ಕಿನಿಂದ. ಕೊಟ್ಟವರು ನಾವು, ಈಗ ಬೇಡುವುದು ಯಾಕೆ?

> ಮಣಿತದ ಎಲ್ಲೆ
ತಪ್ಪು. ಮಣಿಯುವುದು ಅಂದರೆ ಬಗ್ಗುವುದು. ಇಲ್ಲಿ ಮಾತು ಹಿಗ್ಗುವುದರದ್ದು. ಮೇಲಾಗಿ ಇದು ಒಂದೇ ಅಂಕಿಯಲ್ಲ. ತಗಡಿನ ಮೇಲೆ ಪುಟ್ಟ ಪುಟ್ಟ ವೃತ್ತ ಮೂಡಿಸಿ ಒತ್ತುತ್ತಾರೆ. ವೃತ್ತಗಳು ದೀರ್ಘವೃತ್ತಗಳಾಗುತ್ತವೆ. ಉದ್ದಕ್ಕೆ ಎಷ್ಟು ಹಿಗ್ಗಿತು, ಅಡ್ಡಕ್ಕೆ ಎಷ್ಟು ಹಿಗ್ಗಿತು ಇಲ್ಲವೇ ಕುಗ್ಗಿತು ಅಂತ ಅಳೆಯುತ್ತಾರೆ. ಅಡ್ಡಕ್ಕೆ ಕುಗ್ಗಲು ಬಿಟ್ಟರೆ ಉದ್ದಕ್ಕೆ ಜಾಸ್ತಿ ತಾಳುತ್ತದೆ. ಅಡ್ಡ ಕದಲದೆ ನಿಂತರೆ ಬೇಗ ಕೈಕೊಡುತ್ತದೆ. ಅದಕ್ಕೇ ಉದ್ದದ್ದನ್ನು ಮೇಲಕ್ಕೆ, ಅಡ್ಡದ್ದನ್ನು ಪಕ್ಕಕ್ಕೆ ಇಟ್ಟು ನಕ್ಷೆ ಹಾಕಿದರೆ ಮಿತಿಯ ಗೆರೆ ನಡುವೆ ಇಳಿದಿರುತ್ತದೆ. 1960ರ ದಶಕದಲ್ಲಿ ಅದರ ಬಲಭಾಗ ಹಾಕಿದ್ದು ಸಂಶೋಧಕ ಕೀಲರ್, 1968ರಲ್ಲಿ ಎಡಭಾಗ ಸೇರಿಸಿದ್ದು ಗುಡ್ವಿನ್. ತಗಡು ದಪ್ಪವಾದರೆ ಇಡೀ ಗೆರೆ ಮೇಲೇರುತ್ತದೆ. ‘ಎಲ್ಲೆ’ ಇರಲಿ, ‘ಮಣಿತ’ ತೆಗೆಯಿರಿ. ‘ಹಿಗ್ಗಿನ ಎಲ್ಲೆಗೆರೆ’.

> ಹಿಗ್ಗಿನ ಎಲ್ಲೆಗೆರೆ
ಕವನ ಸಂಕಲನದ ಹೆಸರು ಚೆನ್ನಾಗಿದೆ ಸರ್. ಪ್ರೆಸ್ ಮುಂದೆ ನಿಂತವರು ‘ಶೀಟ್ ಕ್ರ್ಯಾಕ್ ಬಂತು’ ಅಂತಾರೆ. ಡೈ, ಪಂಚ್, ಪ್ರೆಸ್ ಎಲ್ಲ ಹಾಗೇ ಇಟ್ಟುಕೊಂಡು ಲಿಮಿಟ್‌ಗೆ ಮಾತ್ರ ಮಡಿ ಯಾಕೆ? ‘ಫಾರ್ಮಿಂಗ್ ಲಿಮಿಟ್ ಗೆರೆ’ ಅನ್ನಿ, ಮುಗೀತು. ಅಂದ ಹಾಗೆ, ‘ಧಾತು’ ಯಾವ ಅಚ್ಚಗನ್ನಡ?

ಧಾತು ವ್ಯಾಕರಣದ ಮಾತು, ಅದನ್ನು ಸುಮ್ನೆ ಎಳೆಯಬೇಡಿ. ಡೈಗೆ ‘ಅಚ್ಚು’ ಇದೆ. ಇರುವುದನ್ನು ಬಿಟ್ಟು ಎರವಲು ತರುವುದನ್ನು ಸೋಮಾರಿತನ ಅಂತಾರೆ. ಹಾಗಿದ್ದರೆ ಕೈಪಿಡಿಯನ್ನೂ ಇಂಗ್ಲಿಷಿನಲ್ಲೇ ಹಾಕಿ.

ಜಗಳ ಆಮೇಲೆ ಆಡೋಣ. ನಕ್ಷೆಗೆ ‘ಹಿಗ್ಗುವಿಕೆಯ ಎಲ್ಲೆಗೆರೆ’ ಅಂತ ಹಾಕಿದೆ, ಖುಷಿಯ ಗೊಂದಲ ತಪ್ಪಿತು. ಮೊದಲ ಸಲ ಬಂದಲ್ಲಿ ‘ಫಾರ್ಮಿಂಗ್ ಲಿಮಿಟ್’ ಅಂತಲೂ ಹೇಳಿದ್ದೇನೆ. ಡೈ ಡೈಯಾಗೇ ಇದೆ, ಬೈಯಬೇಡಿ. ಈಗ ಅಕ್ಷಗಳದ್ದು: ‘ಉದ್ದದ ಹಿಗ್ಗುವಿಕೆ’, ‘ಅಡ್ಡದ ಹಿಗ್ಗುವಿಕೆ’. ಎಡಭಾಗದಲ್ಲಿ ಅಡ್ಡದ್ದು ಕುಗ್ಗುತ್ತದೆ ಅಲ್ವಾ? ಮೈನಸ್ ಚಿಹ್ನೆ ಹಾಕಿದರೆ ಸಾಕಾ?

ಸಾಕು.